ನಿಂಬೆಹುಳಿಯಲ್ಲಿ ತಿಕ್ಕಿದ ದಿಕ್ಸೂಚಿ

ನಮ್ಮ ಅಂಗಡಿಯಿಂದ ಸಮುದ್ರಕ್ಕೆ ಹೋಗಬೇಕೆಂದರೆ ಮೊದಲು ಬಸವನ ಬಾಗೇವಾಡಿಯ ಬಸ್‌ ಸ್ಟ್ಯಾಂಡಿಗೆ ನಡೆಯಬೇಕು, ಹುಬ್ಬಳ್ಳಿ ಬಸ್ಸು ಹಿಡಿಯಬೇಕು, ಅಲ್ಲಿಂದ ಕಾರವಾರದ ಬಸ್ಸಿಗೆ ಕಾಯಬೇಕು, ಘಟ್ಟ ಇಳಿಯುವಾಗ ಒಂದೆರಡು ಸಲ ವಾಂತಿ ಮಾಡಿಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಮೇಲೆ ಅಲ್ಲಿ ಸಮುದ್ರ ಇರುತ್ತದೆಯೇ ಎಂದು ಕೇಳಿದರೆ ನನ್ನ ಅಪ್ಪ ಖಾತ್ರಿ ಕೊಡುತ್ತಿರಲಿಲ್ಲ. ಮುಂಬೈಗೆ ಹನ್ನೆರಡು ಸಲ ಹೋಗಿ ಬಂದವ ಅವನು, ಆದರೂ ಸಮುದ್ರ ನೋಡಿರಲಿಲ್ಲ. ಗುಜರಿ ಮಾರುವ ಮೋಡಕಾ ಬಜಾರಿಗೆ ಹೋಗಿ, ಹಳೇ ಹಿತ್ತಾಳೆ ತೂಗಿ ಕೊಟ್ಟು, ಸಂಜೆಯ ಗಾಡಿಗೆ ತಿರುಗಿ ಬರುತ್ತಿದ್ದ. ಅಂಥವನು ಬಾಗೇವಾಡಿಯ ಬಜಾರಿನಲ್ಲಿ, ಬೀಜ-ಗೊಬ್ಬರದ ಅಂಗಡಿಗೂ ಎಸ್‌ಟಿಡಿ ಬೂತಿಗೂ ನಡುವೆ, ಹಡಗಿನ ಸಾಮಾನಿನ ಅಂಗಡಿ ಇಟ್ಟಿದ್ದ.

ಗೊಬ್ಬರದ ಅಂಗಡಿಯವರಿಗೆ ಬೆಳಗಿನ ಚಹಾ ಇಳಿಯುತ್ತಿದ್ದುದೇ ನಮ್ಮನ್ನು ಕೆಣಕಿದ ಮೇಲೆ.

"ಅಲ್ರೀ ಸಾವಕಾರ್ರ, ಹಡಗ ಎಲ್ಲಿ ಕಟ್ಟೀರಿ? ಹಿತ್ತಲದಾಗೇನು?"

ಅಪ್ಪ "ಹ್ಞಾಂ ಹ್ಞಾಂ" ಎಂದು ನಕ್ಕು ಬಟ್ಟೆಯಿಂದ ಗಾಜು ಒರೆಸಲು ತಿರುಗುತ್ತಿದ್ದ. ಅವನ ಮಾತೆಲ್ಲ ಆ ಎರಡು ಹ್ಞಾಂಗಳಲ್ಲಿ ಮುಗಿಯುತ್ತಿತ್ತು. ಉತ್ತರ ಒಳಗಿನಿಂದ ಬರುತ್ತಿತ್ತು, ಅವ್ವನದು; ಮನೆ ಬೇರೆ ಓಣಿಯಲ್ಲಿದ್ದರೂ ಹಗಲೆಲ್ಲ ಅವಳ ಒಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ.

"ನೀವು ಗೊಬ್ಬರ ಮಾರ್ತೀರಲ್ರೀ, ಅದನ್ನ ಹಿತ್ತಲದಾಗ ಹಾಕ್ತೀರೇನು?"

ಈ ಇಬ್ಬರ ನಡುವೆ ಹುಟ್ಟಿದವನು ನಾನು. ಮಾತು ಅವ್ವನಿಂದ ಬಂತು, ಬುದ್ಧಿ ಯಾರಿಂದ ಬರಬೇಕಿತ್ತೋ ಅವರು ಕೊಡುವುದನ್ನು ಮರೆತರು. ಬಿ.ಎ. ಎರಡನೇ ವರ್ಷದಲ್ಲಿ ಎರಡು ಸಲ ಕುಳಿತು, ಮೂರನೇ ಸಲ ಅಂಗಡಿಯಲ್ಲೇ ಕುಳಿತುಬಿಟ್ಟೆ. ನನಗೆ ಬರುತ್ತಿದ್ದ ವಿದ್ಯೆ ಒಂದೇ: ಯಾರ ದನಿ ಕೇಳಿದರೂ ಅದನ್ನು ಹಾಗೇ ಇಳಿಸುವುದು. ನಮ್ಮ ಸಾಲಿ ಹೆಡ್‌ಮಾಸ್ತರರು, ಸಿಂದಗಿ ಬಸ್ಸಿನ ಕಂಡಕ್ಟರು, ಗೊಬ್ಬರದ ಸಾವಕಾರರ ಕೆಮ್ಮು, ಅಪ್ಪನ ಎರಡು ಹ್ಞಾಂ. ನನ್ನ ಸ್ವಂತ ದನಿಯೊಂದು ಮಾತ್ರ ಹಂಚಿನ ಮೇಲೆ ಬೆಕ್ಕು ನಡೆದ ಹಾಗೆ ಇತ್ತು. ಅದಕ್ಕೇ ಇರಬೇಕು, ಉಳಿದವರದನ್ನು ಎರವಲು ಪಡೆಯುತ್ತಿದ್ದೆ.

ಅಜ್ಜನ ಕಾಲಕ್ಕೆ ಅದು ಹಿತ್ತಾಳೆ-ತಾಮ್ರದ ಭಾಂಡೆಯ ಅಂಗಡಿ. ತೊಂಬತ್ತರ ದಶಕದ ಹೊತ್ತಿಗೆ ಸ್ಟೀಲು ಎಲ್ಲರ ಅಡುಗೆಮನೆ ಹೊಕ್ಕಿತ್ತು. ಜನ ಅಜ್ಜಿಯ ಕಾಲದ ಕೊಡ, ಹಂಡೆ ತಂದು ಹಾಕಿ ಬದಲಿಗೆ ಸ್ಟೀಲಿನ ಡಬ್ಬಿ ಒಯ್ಯುತ್ತಿದ್ದರು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಮುದ್ದೇಬಿಹಾಳದಲ್ಲಿ ದೊಡ್ಡ ಸ್ಟೀಲ್ ಅಂಗಡಿ ತೆರೆದ. ಬಾಗೇವಾಡಿಯ ಹಳೇ ಅಂಗಡಿಯನ್ನು ಅಪ್ಪ ನೋಡಿಕೊಳ್ಳಬೇಕೆಂದಾಯಿತು. ಕಟ್ಟಡ ಮಾತ್ರ ದೊಡ್ಡಪ್ಪನ ಹೆಸರಿನಲ್ಲೇ ಉಳಿಯಿತು. ಬದಲಿಗೆ ಬಂದ ಹಳೇ ಹಿತ್ತಾಳೆಯನ್ನು ಮುಂಬೈಗೆ ಒಯ್ದು ಮಾರಿ ಬರುವುದು ಅಪ್ಪನ ಪಾಲಿನ ಕೆಲಸ.

ಹಾಗೆ ಹೋದಾಗ ಒಮ್ಮೆ, ಮೋಡಕಾ ಬಜಾರಿನಲ್ಲಿ ಒಡೆದ ಹಡಗಿನ ಸಾಮಾನು ರಾಶಿ ಬಿದ್ದಿತ್ತಂತೆ, ಮರುದಿನ ಕರಗಿಸುವುದಕ್ಕೆ. ಗಂಟೆ, ಕಂದೀಲು, ದುಂಡನೆಯ ಕಿಟಕಿ. ನಡುವೆ ಎದೆಮಟ್ಟದ ಒಂದು ಹಿತ್ತಾಳೆ ಕಂಬ, ಅದರ ತಲೆಗೆ ಶಿರಸ್ತ್ರಾಣದಂಥ ಮುಚ್ಚಳ. ಮುಚ್ಚಳ ತೆಗೆದರೆ ಒಳಗೆ ದ್ರವದಲ್ಲಿ ತೇಲುವ ಬಿಲ್ಲೆ, ಬಿಲ್ಲೆಯ ಮೇಲೆ ದಿಕ್ಕುಗಳು. ಹಡಗಿನ ದಿಕ್ಸೂಚಿ. ಅಪ್ಪ ಕಂಬವನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಬಿಲ್ಲೆ ತನ್ನ ಪಾಡಿಗೆ ಹೊರಳಿ ಉತ್ತರಕ್ಕೇ ನಿಂತಿತಂತೆ. "ಇದರ ಜೀವ ಇನ್ನೂ ಐತಿ. ಜೀವ ಇರೂದನ್ನ ಒಲಿಗೆ ಹ್ಯಾಂಗ ಹಾಕ್ತಾರ?" ಎಂದು ಆಮೇಲೆ ನಮಗೆ ಹೇಳಿದ. ಅವನು ಅಷ್ಟು ಉದ್ದದ ಮಾತಾಡಿದ್ದು ಅಪರೂಪ. ಮೋಡಕಾ ಮಾರಲು ಹೋದವನು ಮೋಡಕಾ ಹೊತ್ತು ತಂದ.

ಊರು ಒಂದು ವಾರ ಬಂದು ನೋಡಿತು. ದಿಕ್ಸೂಚಿಯನ್ನು ನೀರು ಕಾಸುವ ಬಂಬ ಎಂದು ತಿಳಿದು ಮೂವರು ರೇಟು ಕೇಳಿದರು. ಒಬ್ಬಾತ ಒಲೆಯ ಬಾಯಿ ಎಲ್ಲಿದೆ ಎಂದು ಸುತ್ತ ಹುಡುಕಿ, ಇಂಥ ಬಂಬ ಮಾಡಿದವನಿಗೆ ಒಂದು ಬೈಗುಳ ಕೊಟ್ಟು ಹೋದ.

ಆದರೆ ಆಗ ಆಲಮಟ್ಟಿಯಲ್ಲಿ ಕೃಷ್ಣೆ ನಿಂತಿದ್ದಳು. ಕಣ್ಣು ಹಾಯುವಷ್ಟು ದೂರ ನೀರು. ಅಣೆಕಟ್ಟಿನ ಆಫೀಸುಗಳಲ್ಲಿ ನೂರಾರು ನೌಕರರು, ಅವರಿಗೆ ಮೇಲಿಂದ ಮೇಲೆ ವರ್ಗಾವಣೆ. ವರ್ಗವಾದವರಿಗೆ ಬೀಳ್ಕೊಡುಗೆ ಆಗಲೇಬೇಕು, ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಒಂದು ನೆನಪಿನ ಕಾಣಿಕೆ. ಎಷ್ಟು ಗಡಿಯಾರ ಕೊಡುತ್ತಾರೆ, ಎಷ್ಟು ಗಣಪತಿ ಕೊಡುತ್ತಾರೆ? ಒಬ್ಬ ಇಂಜಿನಿಯರರ ಬೀಳ್ಕೊಡುಗೆಗೆ ಅವರ ಸಿಬ್ಬಂದಿ ನಮ್ಮಲ್ಲಿಗೆ ಬಂದು ಹಡಗಿನ ಚುಕ್ಕಾಣಿಯ ಆಕಾರದ ಗಡಿಯಾರ ಒಯ್ದರು. ಮುಂದಿನ ತಿಂಗಳು ಎರಡು ಹೋದವು. ಅಪ್ಪ ಮುರಾದಾಬಾದಿನಿಂದ ಪಾರ್ಸಲ್ಲಿನಲ್ಲಿ ನಕಲುಗಳನ್ನು ತರಿಸತೊಡಗಿದ: ಅಂಗೈಯಗಲದ ದಿಕ್ಸೂಚಿ, ಮಡಚುವ ದುರ್ಬೀನು, ಲಂಗರದ ಕೀಲಿಗೊಂಚಲು, ದೋಣಿಯ ಪೆನ್‌ಸ್ಟ್ಯಾಂಡು. ಭಾಂಡೆಯ ಮೇಲೆ ಹೆಸರು ಕೊರೆಯುತ್ತಿದ್ದ ಹಳೇ ಮಿಶನ್ನಿನಿಂದಲೇ ಅವುಗಳ ಮೇಲೆ "ನೌಕರ ಬಾಂಧವರಿಂದ" ಎಂದು ಕೊರೆದು ಕೊಡುತ್ತಿದ್ದ.

ಅವನಿಗೆ ಒಂದು ಹಟವಿತ್ತು. ಪ್ರತಿ ಪಾವತಿ ಚೀಟಿಯ ಮೇಲೆ ಸಾಮಾನಿನ ಹೆಸರಿನ ಮುಂದೆ "ಅಸಲು" ಅಥವಾ "ನಕಲು" ಎಂದು ಬರೆಯುತ್ತಿದ್ದ. ಬೆರಳುದ್ದದ ಲಂಗರಕ್ಕೂ ಬರೆಯುತ್ತಿದ್ದ. "ನಕಲು" ಎಂದು ಓದಿದ ಗಿರಾಕಿಯ ಮುಖ ಕೂಡಲೇ ಬಾಡುತ್ತಿತ್ತು. "ಅದೊಂದು ಅಕ್ಷರ ಬಿಟ್ಟರ ಏನ್ ಹೊಕ್ಕೈತಿ?" ಎಂದು ನಾನು ಕೇಳಿದರೆ "ಹ್ಞಾಂ ಹ್ಞಾಂ" ಎಂದು ಬರೆಯುವುದನ್ನು ಮುಂದುವರಿಸುತ್ತಿದ್ದ.

ನಾನು ಮಾದರಿಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸುತ್ತಲಿನ ನಾಲ್ಕು ತಾಲೂಕು ಸುತ್ತುತ್ತಿದ್ದೆ. ಬ್ಯಾಂಕು, ಸಾಲಿ, ತಾಲೂಕು ಕಚೇರಿ, ಯಾರಿಗೆ ಎತ್ತಂಗಡಿ, ಯಾರಿಗೆ ನಿವೃತ್ತಿ ಎಂಬ ಸುದ್ದಿ ಅವರ ಹೆಂಡಿರಿಗಿಂತ ಮೊದಲು ನನಗೆ ಗೊತ್ತು. ಸಿಂದಗಿಯಲ್ಲಿ ದನದ ಡಾಕ್ಟರರ ಬೀಳ್ಕೊಡುಗೆಗೆ ಚುಕ್ಕಾಣಿ ಮಾರಿದೆ. "ಎಮ್ಮಿ ಡಾಕ್ಟರಿಗೆ ಹಡಗ್ಯಾಕೋ?" ಎಂದು ಅಲ್ಲಿಯ ಗುಮಾಸ್ತರು ಕೇಳಿದರು. "ಎಮ್ಮಿನೂ ನೀರಾಗ ಇಳೀತಾವಲ್ರೀ" ಎಂದೆ. ಹೊರ್ತಿಯ ಸಾಲಿಯಲ್ಲಿ ಹೆಡ್‌ಮಾಸ್ತರರ ಭಾಷಣವನ್ನು ಅವರ ಮುಂದೆಯೇ ಅವರ ದನಿಯಲ್ಲಿ ಮಾಡಿ ತೋರಿಸಿ ದುರ್ಬೀನು ಮಾರಿದೆ. ಮುಗಿದ ಮೇಲೆ ಅವರು ಕನ್ನಡಕ ತೆಗೆದು ಒರೆಸಿ, "ನಾ ಇಷ್ಟು ಕೆಟ್ಟ ಮಾತಾಡ್ತೇನೇನು?" ಎಂದು ಕೇಳಿದರು. "ಇಲ್ರೀ ಸರ್, ನಾ ಸ್ವಲ್ಪ ಸುಧಾರಿಸಿ ಮಾಡೇನಿ" ಎಂದೆ. ದುರ್ಬೀನು ಒಯ್ದರು, ಪುಣ್ಯಾತ್ಮರು.

ಇಷ್ಟಾದರೂ ಮುದ್ದೇಬಿಹಾಳದ ದೊಡ್ಡಪ್ಪನಿಗೆ ಇದು ಅಂಗಡಿ ಎನ್ನಿಸಲೇ ಇಲ್ಲ. ಒಂದು ವರ್ಷ ಶ್ರಾವಣದಲ್ಲಿ ಬಂದ, ಸ್ಟೂಲಿನ ಮೇಲೆ ಕುಳಿತ, ಕಂಬ ಕಂದೀಲುಗಳನ್ನು ಕಣ್ಣಲ್ಲೇ ತೂಗಿದ.

"ತಮ್ಮಾ, ಸಣ್ಣ ಸಣ್ಣ ಗೊಂಬಿ ಮಾರಿದ್ದು ಸಾಕು. ಈ ದೊಡ್ಡ ಸಾಮಾನು ಐದು ವರ್ಷದಿಂದ ಜಾಗಾ ಹಿಡಕೊಂಡು ನಿಂತೈತಿ. ದೀಪಾವಳಿ ಪಾಡ್ಯಾದ ಒಳಗ ಇದರಾಗ ಒಂದರೆ ಮಾರಿ ತೋರ್ಸು. ಆತಂದ್ರ ಅಂಗಡಿ ನಿಂದು, ನಾ ಬಾಯಿ ಹಾಕೂದಿಲ್ಲ. ಆಗಲಿಲ್ಲಂದ್ರ ಪಾಡ್ಯಾದ ದಿನ ಸ್ಟೀಲ್ ತಂದು ತುಂಬ್ತೇನಿ. ನೀ ಗಲ್ಲೇದ ಮ್ಯಾಲ ಕೂಡು, ಪಗಾರ ಕೊಡ್ತೇನಿ."

ತಮ್ಮನಿಗೆ ಪಗಾರ. ಅವ್ವ ಒಳಗೆ ಚಹಾದ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದ ಸದ್ದು ಹೊರಗಿನವರೆಗೆ ಬಂತು.

ಅಪ್ಪ ಆ ದಿನ "ಹ್ಞಾಂ ಹ್ಞಾಂ" ಎಂದಾಗ ಅವನ ಮುಖದಲ್ಲಿ ಭಯವಿರಲಿಲ್ಲ. ಕಾರಣ ಪುಣೆಯ ವ್ಯಾಪಾರಿ. ಹಳೇ ಸಾಮಾನು ಕೊಳ್ಳುವ ಆತ ಆಷಾಢದಲ್ಲಿ ಆಲಮಟ್ಟಿ ನೋಡಲು ಬಂದವನು ನಮ್ಮ ಅಂಗಡಿಗೂ ಬಂದಿದ್ದ. ದಿಕ್ಸೂಚಿಯ ಮುಂದೆ ಮೊಣಕಾಲೂರಿ ಕುಳಿತು, ಅದರ ಮೈಮೇಲೆ ಕಪ್ಪಾಗಿ, ಸಂದಿಗಳಲ್ಲಿ ಹಸಿರಾಗಿ ಕಟ್ಟಿದ್ದ ಕಿಲುಬನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದ್ದ. ಅಪ್ಪ ಹೇಳಿದ ಬೆಲೆಗೆ ಚೌಕಾಶಿಯನ್ನೂ ಮಾಡದೆ ಒಪ್ಪಿದ್ದ. ದೀಪಾವಳಿಗೆ ನಾಲ್ಕು ದಿನ ಮೊದಲು ಗಾಡಿ ತೆಗೆದುಕೊಂಡು ಬರುವುದಾಗಿ ಮಾತು ಕೊಟ್ಟಿದ್ದ. ಅದು ಮಾರಿದರೆ ಅಂಗಡಿ ನಮ್ಮದು. ಅಷ್ಟೇ ಲೆಕ್ಕ.

ಇಲ್ಲಿ ನನ್ನ ಪ್ರವೇಶ.

ವ್ಯಾಪಾರಿ ಬರುವ ಹಿಂದಿನ ದಿನ ಅಪ್ಪ ಆಲಮಟ್ಟಿಗೆ ಹೋಗಿದ್ದ. ನಮ್ಮ ಕಡೆ ಹಬ್ಬ ಎಂದರೆ ಹಿತ್ತಾಳೆ ತಿಕ್ಕುವ ಹಬ್ಬ. ಮನೆಯಲ್ಲಿ ಒಂದು ಹಿತ್ತಾಳೆಯ ಮೊಳೆ ಕಪ್ಪಾಗಿದ್ದರೂ ಲಕ್ಷ್ಮಿ ಹೊಸ್ತಿಲಿಂದಲೇ ತಿರುಗುತ್ತಾಳೆ. ಅವ್ವನ ತವರು ಇಂಡಿ. ಅಲ್ಲಿಂದ ಒಂದು ಚೀಲ ನಿಂಬೆಹಣ್ಣು ಬಂದಿತ್ತು, ಉಪ್ಪಿನಕಾಯಿಗೆಂದು ಬಂದದ್ದು. ಅವ್ವ, ಗೊಬ್ಬರದ ಸಾವಕಾರರ ಹೆಂಡತಿ, ಇನ್ನಿಬ್ಬರು ಅಂಗಡಿಯ ಹಿಂದಿನ ಅಂಗಳದಲ್ಲಿ ಸೆರಗು ಸಿಕ್ಕಿಸಿ ಕುಳಿತರು. ನಿಂಬೆಯ ಹೋಳು, ಉಪ್ಪು, ಇಟ್ಟಿಗೆಯ ಪುಡಿ. ಗಂಟೆ ಬೆಳಗಿತು, ಕಂದೀಲು ಬೆಳಗಿದವು. ನಾನು ಒಳಗೆ ಡಬ್ಬಿ ಕಟ್ಟುತ್ತಿದ್ದೆ.

ಅವ್ವ ಹೊರಗಿನಿಂದ ಕೂಗಿದಳು: "ಏನ್ರೀ, ಬಂದೀರೇನು? ಈ ಕಂಬಾನೂ ತಿಕ್ಕೂದೇನು?"

ನನ್ನ ಕಾಲಸದ್ದು ಕೇಳಿ ಅಪ್ಪ ಬಂದನೆಂದು ತಿಳಿದಿದ್ದಳು. ನಾನು ಸುಮ್ಮನಿರಬಹುದಿತ್ತು. ಮನುಷ್ಯನಾಗಿದ್ದರೆ ಸುಮ್ಮನಿರುತ್ತಿದ್ದೆ. ಅಪ್ಪನ ದನಿ ತೆಗೆದು, "ಹ್ಞಾಂ ಹ್ಞಾಂ, ಮುಖಾ ಕಾಣಬೇಕು ನೋಡು" ಎಂದೆ.

ನಾಲ್ಕು ಹೆಂಗಸರು, ಅರ್ಧ ಚೀಲ ನಿಂಬೆ. ಸಂಜೆ ಅಪ್ಪ ಬಂದಾಗ ದಿಕ್ಸೂಚಿ ಅಂಗಳದ ಬಿಸಿಲಿನಲ್ಲಿ ನಿಂತಿತ್ತು, ಮದುವೆಯ ದಿನ ಅರಿಶಿನ ಹಚ್ಚಿಸಿಕೊಂಡ ಮದುಮಗನ ಹಾಗೆ. ಕಪ್ಪಿಲ್ಲ, ಹಸಿರಿಲ್ಲ. ಅಪ್ಪ ಕೈಚೀಲ ಕೆಳಗಿಟ್ಟ. ಹತ್ತಿರ ಹೋಗಿ ಅದರ ಮೈಯಲ್ಲಿ ತನ್ನ ಮುಖ ನೋಡಿದ. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕುಳಿತ.

"ಯಾರು ಹೇಳಿದ್ರು?"

"ನೀವ ಹೇಳಿದ್ರಿ" ಎಂದಳು ಅವ್ವ. ಹೇಳುತ್ತಲೇ ಅಪ್ಪ ಆಗಷ್ಟೇ ಕೆಳಗಿಟ್ಟ ಕೈಚೀಲ ನೋಡಿದಳು. ಮತ್ತೆ ನನ್ನ ಕಡೆ ತಿರುಗಿದಳು. ಕೈಯಲ್ಲಿದ್ದ ನಿಂಬೆಯ ಹೋಳು ನನ್ನ ಹಣೆಗೆ ಬಂದು ಬಿತ್ತು. ಗುರಿ ಚೆನ್ನಾಗಿತ್ತು.

ಆ ಕಿಲುಬೇ ಅದರ ವಯಸ್ಸು, ಕೊಳ್ಳುವವರು ನೋಡುವುದು ಅದನ್ನೇ ಎಂದು ಅಪ್ಪ ಮೆಲ್ಲಗೆ ಬಿಡಿಸಿ ಹೇಳಿದ. ಅವ್ವ ಕೇಳಿದಳು, ಒಪ್ಪಲಿಲ್ಲ.

"ಹೊಲಸು ವಯಸ್ಸಾಗತೈತೇನು? ಹಂಗಾದ್ರ ನಿಮ್ಮ ಅಣ್ಣಗ ಜಳಕಾ ಮಾಡಬ್ಯಾಡಂತ ಹೇಳ್ರಿ, ಮಾನ ಹೆಚ್ಚಾಗತೈತಿ. ನನ್ನ ಹಿರೇರ ಕೊಡಾ ನೂರು ದೀಪಾವಳಿ ತಿಕ್ಕಿಸಿಕೊಂಡಾವ. ಅವು ಮುದುಕಾಗಿಲ್ಲೇನು?"

ಮರುದಿನ ಹತ್ತು ಗಂಟೆಗೆ ಪುಣೆಯ ವ್ಯಾಪಾರಿ ಬಂದ. ಬಿಳಿ ಪೈಜಾಮ, ಕೊರಳಲ್ಲಿ ಭೂತಗನ್ನಡಿ. ಅಪ್ಪನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದ. ದಿಕ್ಸೂಚಿ ಕಂಡವನೇ ಕೈಯಿಂದ ಹಣೆ ಹಿಡಿದುಕೊಂಡ. ಆಮೇಲೆ ಮೊಣಕಾಲೂರಿ, ಭೂತಗನ್ನಡಿ ಕಣ್ಣಿಗಿಟ್ಟು, ಬುಡದಿಂದ ತಲೆಯವರೆಗೆ ಬಹಳ ಹೊತ್ತು ನೋಡಿದ. ಕಿಲುಬು ಹೋದದ್ದರಿಂದ ಬುಡದಲ್ಲಿ ಇಷ್ಟು ವರ್ಷ ಮುಚ್ಚಿಹೋಗಿದ್ದ ಸಣ್ಣ ಅಂಕಿಗಳು, ಮಾಡಿದವರ ಗುರುತು ಎದ್ದು ಕಂಡಿದ್ದವು. ಅದರ ಮೇಲೆ ಅವನ ಕನ್ನಡಿ ನಿಂತೇಬಿಟ್ಟಿತು. ಎದ್ದು ನಿಂತಾಗ ಮಾತ್ರ ಮುಖ ಬೇರೆಯಾಗಿತ್ತು.

"ಇದು ಹೊಸ ಮಾಲು. ನಾನು ಆವಾಗ ಸರಿಯಾಗಿ ನೋಡಿರಲಿಲ್ಲ" ಎಂದ. ಆದರೂ ಬಂದ ತಪ್ಪಿಗೆ ಒಯ್ಯುತ್ತೇನೆ, ಹೇಳಿದ ಬೆಲೆಯ ಕಾಲುಭಾಗ ಕೊಡುತ್ತೇನೆ. ಪಾವತಿಯಲ್ಲಿ "ನಕಲು" ಎಂದೇ ಬರೆಯಿರಿ. ಪೂರ್ತಿ ಬೆಲೆಯೇ ಬೇಕೆಂದರೆ ಉಪ್ಪು ಹಚ್ಚಿ ಮೂರು ತಿಂಗಳು ಸಗಣಿಯ ತಿಪ್ಪೆಯಲ್ಲಿ ಹೂಳಿರಿ, ಕಪ್ಪಾದ ಮೇಲೆ ಕರೆಯಿರಿ. ಯೋಚನೆ ಮಾಡಿ, ನಾನು ಒಂದು ಫೋನು ಮಾಡಿ ಬರುತ್ತೇನೆ. ಇಷ್ಟು ಹೇಳಿ ಪಕ್ಕದ ಎಸ್‌ಟಿಡಿ ಬೂತಿಗೆ ಹೋದ.

ನಾನು ಅಪ್ಪನ ಕಿವಿಯಲ್ಲಿ, "ತಿಪ್ಪಿ ಬ್ಯಾಡ, ಅಷ್ಟು ದಿನ ಇಲ್ಲ. ಕಾಲುಭಾಗಕ್ಕ ಕೊಟ್ಟುಬಿಡು. ದೊಡ್ಡಪ್ಪ ಬೆಲಿ ಕೇಳಿಲ್ಲ, ಮಾರಂತ ಅಷ್ಟ ಹೇಳ್ಯಾನ" ಎಂದೆ. ಮಾಡಿದ ತಪ್ಪಿನಿಂದ ಜಾರಿಕೊಳ್ಳುವ ದಾರಿ ನನಗೆ ಅದರಲ್ಲಿ ಕಂಡಿತ್ತು. ಅಪ್ಪ ಪಾವತಿಯ ಪುಸ್ತಕ ತೆಗೆದ. ದಿನಾಂಕ ಬರೆದ, "ಹಡಗಿನ ದಿಕ್ಸೂಚಿ, ಒಂದು" ಎಂದು ಬರೆದ. ಅದರ ಮುಂದೆ ಪೆನ್ನು ನಿಂತಿತು. ಐದು ವರ್ಷದ ಈ ವ್ಯಾಪಾರದಲ್ಲಿ ನಕಲನ್ನು ಅಸಲು ಎಂದು ಬರೆಯಲು ಹೇಳಿದವರು ಬಹಳ ಜನ. ಅವರಿಗೆಲ್ಲ ಆತ ಹ್ಞಾಂ ಹ್ಞಾಂ ಎಂದು ನಕ್ಕು ಬರೆಯದೇ ಉಳಿದಿದ್ದ. ಅಸಲನ್ನು ನಕಲು ಎಂದು ಬರೆ ಎಂದವನು ಇವನೊಬ್ಬನೇ.

ಕೂತಲ್ಲಿ ಕೂರಲಾಗದೆ ನಾನು ಹೊರಗೆ ಬಂದೆ. ಬೂತಿನ ಗಾಜಿನ ಬಾಗಿಲು ಎಂದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಆತ ಮರಾಠಿಯಲ್ಲಿ ಮಾತಾಡುತ್ತಿದ್ದ. ಬಾಗೇವಾಡಿಯವರಿಗೆ ಮರಾಠಿ ಎಲ್ಲಿ ಬರಬೇಕು ಎಂದುಕೊಂಡಿರಬೇಕು. ನಾನು ಬೇಸಿಗೆ ರಜೆಯೆಲ್ಲ ಇಂಡಿಯ ಅಜ್ಜಿಯ ಮನೆಯಲ್ಲಿ ಕಳೆದವನು. ಅಲ್ಲಿ ಅರ್ಧ ಓಣಿ ಮರಾಠಿಯಲ್ಲೇ ಜಗಳವಾಡುತ್ತದೆ, ನನಗೆ ಬೈಗುಳದಿಂದ ಹಿಡಿದು ಎಲ್ಲ ಬರುತ್ತಿತ್ತು.

ಆತ ಬೂತಿನಿಂದ ಹೊರಗೆ ಬರುವ ಮೊದಲೇ ನಾನು ಓಡಿ ಬಂದು ಅಂಗಡಿಯಲ್ಲಿ ನಿಂತಿದ್ದೆ. ಬಂದವನು, "ಹಾಂ ಸೇಠ್, ಬರೆದಿರಾ?" ಎಂದು ಅಪ್ಪನನ್ನು ಕೇಳಿದ.

ನಾನು ಕೊರಳಿಗೆ ಕೈ ಹಾಕಿ ಇಲ್ಲದ ಭೂತಗನ್ನಡಿ ಹಿಡಿದುಕೊಂಡೆ. ಅವನದೇ ದನಿ, ಅವನದೇ ಮರಾಠಿ, ನಡುನಡುವೆ ಮೂಗೇರಿಸುವುದೂ ಸೇರಿ, ಫೋನಿನಲ್ಲಿ ಆಡಿದ್ದನ್ನು ಹಾಗೇ ಆಡಿದೆ. "ಖರೀ ಆಹೇ, ಖರೀ. ನಿಜವಾದದ್ದೇ. ಅಂಕಿನೂ ಕಾಣಸ್ತಾವು. ಈ ಮಂದಿ ತಿಕ್ಕಿ ಒಗದಾರ. ಕಾಲುಭಾಗಕ್ಕ ಬರತೈತಿ. ಇವರು ಇದನ್ನ ತಗೊಂಡು ಹೋಗೂದರೆ ಎಲ್ಲಿಗೆ?" ಅಪ್ಪನಿಗೆ ತಿಳಿಯಲೆಂದು ಉಳಿದದ್ದನ್ನು ಕನ್ನಡಕ್ಕೆ ತಿರುಗಿಸಿದ್ದು ನಾನೇ. ಮೂಗೇರಿಸುವುದಕ್ಕೆ ಅನುವಾದ ಬೇಕಾಗಲಿಲ್ಲ.

ಇಂಥ ಹೊತ್ತಿನಲ್ಲಿ ಮನುಷ್ಯ ನಾಚಬೇಕು, ಓಡಿಹೋಗಬೇಕು ಎಂದು ನಾನು ಎಣಿಸಿದ್ದೆ. ಆತ ಸ್ಟೂಲು ಎಳೆದುಕೊಂಡು ಕುಳಿತ. ನನ್ನನ್ನು ನೋಡಿ "ಚೆನ್ನಾಗಿ ಮಾಡುತ್ತೀ" ಎಂದ. ಅಪ್ಪನ ಕಡೆ ತಿರುಗಿ ಶಾಂತವಾಗಿ, "ಸರಿ, ಅಸಲು. ಏನೀಗ? ಕೊಳ್ಳುವವನು ನಾನೊಬ್ಬನೇ. ಅರ್ಧ ಕೊಡುತ್ತೇನೆ. ಪಾವತಿ ಮಾತ್ರ ನಾನು ಹೇಳಿದ ಹಾಗೆ, ತೆರಿಗೆಯವರ ಮುಂದೆ ನನಗೆ ಅದರಿಂದ ಅನುಕೂಲವಿದೆ" ಎಂದ.

ನನ್ನ ನಾಟಕದಿಂದ ಬೆಲೆ ದುಪ್ಪಟ್ಟಾಯಿತೆಂದು ನಾನು ಒಳಗೇ ಹಿಗ್ಗಿದೆ. ಅರ್ಧ! ಅಂಗಡಿ ಉಳಿಯಿತು. ಒಂದು ಅಕ್ಷರದ ಮಾತು.

ಅಪ್ಪ ಅವ್ವನನ್ನು ನೋಡಿದ. ಅವ್ವ ಒಳಬಾಗಿಲಿನಲ್ಲಿ ನಿಂತಿದ್ದಳು. ಎಂದೂ ಮಾತಿಗೆ ಕೊರತೆಯಾಗದವಳು ಆ ಗಳಿಗೆ ಬಾಯಿ ಬಿಡಲಿಲ್ಲ. ಯಾಕೆ ಎಂದು ಬಹಳ ದಿನದ ಮೇಲೆ ಕೇಳಿದಾಗ, "ಅಂಗಡಿ ಹೋದ್ರ ಅಣ್ಣನ ಕೈಯಾಗ ದುಡಿಯಾವರು ಅವರು. ನಾ ಹೆಂಗ ಹೇಳ್ಲಿ?" ಎಂದಳು.

ಅಪ್ಪ ಪೆನ್ನು ಮುಚ್ಚಿದ. ಪುಸ್ತಕದಿಂದ ಹಾಳೆ ಹರಿದ, ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ.

"ಕೊಡೂದಿಲ್ಲ" ಎಂದ, ಕನ್ನಡದಲ್ಲೇ.

ವ್ಯಾಪಾರಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದ. ನಾನು ಹಿಂದಿಗೆ ತಿರುಗಿಸಲು ಬಾಯಿ ತೆರೆದರೆ ಅಪ್ಪ ಕೈ ಅಡ್ಡ ಹಿಡಿದ. "ನೀ ಸುಮ್ನಿರು. ನನ್ನ ಮಾತು ನಾ ಆಡ್ತೇನಿ." ಆಮೇಲೆ ಮುರುಕು ಹಿಂದಿಯಲ್ಲಿ ತಾನೇ ಹೇಳಿದ: ಪೂರ್ತಿ ಬೆಲೆ, "ಅಸಲು" ಎಂಬ ಪಾವತಿ, ಹೀಗೇ ಹೊಳೆಯುವ ಮಾಲು. ಬೇಕಿದ್ದರೆ ಒಯ್ಯಿ, ಇಲ್ಲವಾದರೆ ಚಹಾ ಕುಡಿದು ಹೋಗು.

ಆತ ಚಹಾ ಕುಡಿದೇ ಹೋದ. ಅದೊಂದು ಗುಣ ಅವನಲ್ಲಿ ನನಗೆ ಹಿಡಿಸಿತು.

ನಾಲ್ಕು ದಿನ ನಾನು ಊಟದ ಹೊತ್ತಿನಲ್ಲೂ ಯಾರ ದನಿಯನ್ನೂ ತೆಗೆಯಲಿಲ್ಲ. ಅವ್ವ ಎರಡನೇ ದಿನಕ್ಕೆ, "ಜ್ವರಾ ಬಂದೈತೇನು ಇವಗ?" ಎಂದು ಹಣೆ ಮುಟ್ಟಿ ನೋಡಿದಳು. ತಪ್ಪು ನನ್ನದು ಎಂದು ಅಪ್ಪನ ಮುಂದೆ ಹೇಳಲು ಮೂರು ಸಲ ಹೋದೆ. ಮೂರನೇ ಸಲ ಆತ ಅಂಗಡಿಯ ಸಾಮಾನಿಗೆ ಹುಲ್ಲು ಸುತ್ತುತ್ತಾ, "ಗೊತ್ತೈತಿ. ಹಗ್ಗಾ ಹಿಡಿ" ಎಂದ. ಪ್ರಾಯಶ್ಚಿತ್ತ ಅಷ್ಟಕ್ಕೇ ಮುಗಿಯಿತು. ನಾನು ಅದಕ್ಕಿಂತ ದೊಡ್ಡದನ್ನು ತಯಾರು ಮಾಡಿಕೊಂಡು ಹೋಗಿದ್ದೆ, ಕಣ್ಣೀರು ಸಹಿತ.

ಪಾಡ್ಯದ ಬೆಳಿಗ್ಗೆ ಮುದ್ದೇಬಿಹಾಳದಿಂದ ಟೆಂಪೋ ಬಂತು, ತುಂಬ ಸ್ಟೀಲು. ದೊಡ್ಡಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡು ಇಳಿದ. ಅಂಗಡಿಯ ಕಪಾಟುಗಳು ಬರಿದಾಗಿದ್ದವು. ಗೋಡೆ ಒರೆಸಿತ್ತು, ನೆಲ ಸಾರಿಸಿತ್ತು. ಮುಂದಿನ ಕಟ್ಟೆಯ ಮೇಲೆ ನಮ್ಮ ಹಡಗೆಲ್ಲ ಗಂಟು ಕಟ್ಟಿ ಕುಳಿತಿತ್ತು. ಅಪ್ಪ ಕೀಲಿಯನ್ನು ದೊಡ್ಡಪ್ಪನ ಕೈಗಿಟ್ಟ.

"ಇದೇನೋ ತಮ್ಮಾ? ನಾ ನಿನಗ ಹೋಗಂತ ಹೇಳೇನೇನು? ಗಲ್ಲೇದ ಮ್ಯಾಲ ಕೂಡು ಅಂದೇನಿ."

"ಕೂಡೂದಿಲ್ಲಣ್ಣ. ಮನೀ ಪಡಸಾಲ್ಯಾಗ ಅಂಗಡಿ ಇಡ್ತೇನಿ."

"ಪಡಸಾಲ್ಯಾಗ? ಹಡಗಿಂದು? ಬಾಗೇವಾಡ್ಯಾಗ?" ದೊಡ್ಡಪ್ಪ ಬಜಾರಿನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ. "ಪುಣೇದಾಂವ ಅರ್ಧಾ ಕೊಡ್ತೇನಿ ಅಂದನಂತ. ಮಾರಿದ್ರ ಈ ಅಂಗಡಿ ನಿಂದ ಆಗ್ತಿತ್ತು. ಯಾಕ ಮಾರಲಿಲ್ಲ, ಅದನ್ನರೆ ಹೇಳು!"

"ಸುಳ್ಳು ಬರಿ ಅಂದ" ಎಂದ ಅಪ್ಪ. "ಬರೀಲಿಲ್ಲ."

ದೊಡ್ಡಪ್ಪ ಇನ್ನೂ ಏನೋ ಬರುತ್ತದೆಂದು ಕಾದ. ಅಪ್ಪ ಆಗಲೇ ಗಂಟಿಗೆ ಕೈ ಹಾಕಿದ್ದ.

ದಿಕ್ಸೂಚಿ ಈಗಲೂ ನಮ್ಮ ಪಡಸಾಲೆಯಲ್ಲೇ ನಿಂತಿದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾರಾಟಕ್ಕಿದೆ. ಬೆಲೆ ಇಳಿಸಿಲ್ಲ, ಪ್ರತಿ ಹಬ್ಬಕ್ಕೂ ತಿಕ್ಕುತ್ತೇವೆ. ಅಂಗಡಿಯೂ ನಡೆಯುತ್ತಿದೆ. ಓಡುತ್ತಿದೆ ಎಂದು ಯಾರೂ ಹೇಳಲಾರರು, ನಡೆಯುತ್ತಿದೆ. ಬೀಳ್ಕೊಡುಗೆಯವರು ಬಜಾರಿನಲ್ಲಿ ಸ್ಟೀಲು ನೋಡಿ, ಮುಖ ಸಣ್ಣದು ಮಾಡಿ, ಓಣಿ ಕೇಳಿಕೊಂಡು ಮನೆಗೇ ಬರುತ್ತಾರೆ. ಅವ್ವನ ಮಂಚ ಹಿಂದಿನ ಕೋಣೆಗೆ ಹೋಯಿತು, ನನ್ನದು ಮಾಳಿಗೆಗೆ.

ಅವತ್ತು ಸಣ್ಣ ಸಾಮಾನನ್ನು ತಲೆಯ ಮೇಲೆ, ಸೈಕಲ್ಲಿನ ಮೇಲೆ ಮೂರು ಸಲ ಹೊತ್ತು ಮುಗಿಸಿದೆವು. ದಿಕ್ಸೂಚಿಗೆ ತಳ್ಳುಗಾಡಿ ತಂದೆವು. ಹುಲ್ಲು ಸುತ್ತಲು ಹೋದರೆ ಅವ್ವ ಬಿಡಲಿಲ್ಲ. "ಮುಚ್ಚಿ ಒಯ್ಯಾಕ ನಾವೇನು ಕದ್ದೇವೇನು?" ಎಂದು ಬರಿಮೈಯಲ್ಲೇ ಗಾಡಿಗೇರಿಸಿದಳು. ಹಬ್ಬದ ಬಜಾರು, ಹೂವಿನವರು, ಕಬ್ಬಿನವರು, ಬಾಗಿಲು ಬಾಗಿಲಿಗೆ ಪೂಜೆ. ಅದರ ನಡುವೆ ಹೊಳೆಯುವ ಹಿತ್ತಾಳೆಯ ಕಂಬ. ಅಪ್ಪ ಮುಂದೆ ಎಳೆಯುತ್ತಿದ್ದ, ನಾನು ಹಿಂದೆ ತಳ್ಳುತ್ತಿದ್ದೆ, ಅವ್ವ ಪಕ್ಕದಲ್ಲಿ ಒಂದು ಕೈ ಹಚ್ಚಿಕೊಂಡು ಬರುತ್ತಿದ್ದಳು. ಜನ ಅಂಗಡಿಗಳಿಂದ ಹೊರಗೆ ಬಂದು ನಿಂತರು. ಯಾರೋ ಸೀಟಿ ಹೊಡೆದರು. ಯಾರೋ "ಹಡಗ ಬಂತು, ದಾರಿ ಬಿಡ್ರಿ" ಎಂದು ಕೂಗಿದರು. ಬೇರೆ ದಿನವಾಗಿದ್ದರೆ ಹಾಗೆ ಕೂಗುತ್ತಿದ್ದವನು ನಾನೇ.

ಗುಡಿಯ ಓಣಿಯ ಏರಿನಲ್ಲಿ ಗಾಡಿ ನಿಂತುಬಿಟ್ಟಿತು. ಅಪ್ಪ ಎಳೆದ, ನಾನು ಭುಜ ಕೊಟ್ಟೆ, ಗಾಲಿ ಅಲುಗಾಡಲಿಲ್ಲ. ಎರಡು ಕಡೆಯ ಕಟ್ಟೆಗಳ ಮೇಲಿನವರು ನಗುತ್ತಾ ನೋಡುತ್ತಿದ್ದರು. ಒಬ್ಬಿಬ್ಬರು ಇಳಿದು ಬರಲೋ ಬೇಡವೋ ಎಂದು ಒಂದು ಕಾಲು ಕೆಳಗಿಟ್ಟಿದ್ದರು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಕಡೆ ತಿರುಗಿದಳು.

"ಕೈ ಹಚ್ಚೂದಾದ್ರ ಗಟ್ಟಿ ಹಚ್ಚರಿ. ನಗೂದಾದ್ರ ಸರಿದು ನಿಂತು ನಗರಿ, ದಾರಿ ಬೇಕು ನಮಗ."